ಸೈಕಲ್ಲಿನ ಹಿಂದಿನ ಚಕ್ರ ಅಲುಗಾಡಿದರೆ ಏನು ಮಾಡಬೇಕು?

ನಮ್ಮಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಬರುವವರು ಇದ್ದೇವೆ. ಗಾಳಿ ಹಾಕುವುದು ಎಲ್ಲರಿಗೂ ಗೊತ್ತು. ಹಿಂದಿನ ಹಬ್ ಸಡಿಲವಾದರೆ ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಬಿದ್ದ ಮೇಲೆ ಕಲಿತೆ.

ನಾನು ತಂಗಿಯನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬರುತ್ತಿದ್ದೆ. ಚಕ್ರದಿಂದ ಎರಡು ವಾರದಿಂದಲೇ ಕಟ್ ಕಟ್ ಎಂದು ಶಬ್ದ ಬರುತ್ತಿತ್ತು. ನಾನು ಲಕ್ಷ್ಯ ಮಾಡಿರಲಿಲ್ಲ. ಅವತ್ತು ಚಕ್ರ ಹಾವಿನ ಹಾಗೆ ಆಚೀಚೆ ಹೋಯಿತು. ಹಿಂದೆ ಲಾರಿ ಹಾರ್ನ್ ಹಾಕಿತು. ಹೆದರಿ ಮಣ್ಣಿಗೆ ಇಳಿಸಿದೆ, ಇಬ್ಬರೂ ಬಿದ್ದೆವು. ತಂಗಿಯ ಮೊಣಕಾಲು ತರಚಿತು. "ಸರಿ ಮಾಡ್ದೆ ಸೈಕಲ್ ಮುಟ್ಟೂಕಾಗ" ಎಂದು ಅಮ್ಮ ಬೈದರು.

ನಾನು ಹೊರಗಿನ ಎರಡೂ ನಟ್ ಗಟ್ಟಿ ಬಿಗಿದೆ. ಆದರೂ ಚಕ್ರ ಅಲುಗಿತು. ಅಪ್ಪಯ್ಯ ಕಂಡು, "ಹೊರ್ಗಿನ್ ನಟ್ ಬಿಗಿ ಮಾಡ್ರೆ ಆತಿಲ್ಲೆ ಮಗಾ, ಒಳ್ಗಿನ್ ಕೋನ್ ಸಡ್ಲ ಆಯ್ತ್" ಅಂದರು.

ಹಬ್ಬಿನ ಒಳಗೆ ಏನಿದೆ?

ಕಡ್ಡಿಗಳು ಸೇರುವ ನಡುವಿನ ಕೊಳವೆಯೇ ಹಬ್. ಅದರೊಳಗೆ ಆಕ್ಸಲ್ ಎಂಬ ಸರಳು ಇದೆ. ನಮ್ಮಂಥ ಸಾದಾ ಸೈಕಲ್ಲಿನ ಹಿಂದಿನ ಹಬ್ಬಿನಲ್ಲಿ ಒಂದೊಂದು ಬದಿಗೆ 9ರಂತೆ 18 ಉಕ್ಕಿನ ಗುಂಡುಗಳಿರುತ್ತವೆ. ಒಂದು ಗುಂಡು ಕಾಲು ಇಂಚು ದಪ್ಪ. ಅವು ಹಬ್ಬಿನ ಬಟ್ಟಲು ಮತ್ತು ಕೋನಿನ ನಡುವೆ ಉರುಳುತ್ತವೆ. ಜಾರುವುದಕ್ಕಿಂತ ಉರುಳುವಾಗ ಘರ್ಷಣೆ ಕಡಿಮೆ ಎಂದು ವಿಜ್ಞಾನದಲ್ಲಿ ಓದಿದ್ದೇವಲ್ಲ, ಇದೇ ಅದು. ಕೋನ್ ಹಿಂದೆ ಸರಿದರೆ ಜಾಗ ಹೆಚ್ಚಾಗಿ ಚಕ್ರ ಅಲುಗುತ್ತದೆ. ನಮ್ಮದು ಕಡಲ ತೀರದ ಊರು. ಹೊಯ್ಗೆ, ಉಪ್ಪುನೀರು ಒಳಗೆ ಹೋದರೆ ಗುಂಡು ಬೇಗ ಸವೆಯುತ್ತದೆ.

ಮಾಡುವ ಕ್ರಮ

1. ಸ್ಟ್ಯಾಂಡ್ ಹಾಕಿ ರಿಮ್ಮನ್ನು ಅಡ್ಡ ಅಲುಗಿಸಿ. ಆಕ್ಸಲ್ ಸಹಿತ ಅಲುಗಿದರೆ ಹೊರಗಿನ ನಟ್ ಸಡಿಲ. ಆಕ್ಸಲ್ ನಿಂತು ಚಕ್ರ ಮಾತ್ರ ಅಲುಗಿದರೆ ಕೋನ್ ಸಡಿಲ.
2. ನಟ್ ಸಡಿಲಿಸಿ, ಚೈನು ತಪ್ಪಿಸಿ, ಚಕ್ರ ಹೊರಗೆ ತೆಗೆಯಿರಿ.
3. ಫ್ರೀವೀಲ್ ಇಲ್ಲದ ಬದಿಯ ಕೋನನ್ನು ತೆಳು ಸ್ಪಾನರಿನಲ್ಲಿ ಹಿಡಿದು ಅದರ ಮೇಲಿನ ಲಾಕ್ ನಟ್ ಬಿಚ್ಚಿ. ಕೆಳಗೆ ಬಟ್ಟೆ ಹಾಸಿ, ಗುಂಡು ಉರುಳಿ ಹೋಗುತ್ತದೆ.
4. ಎಲ್ಲ ಸೀಮೆಎಣ್ಣೆಯಲ್ಲಿ ತೊಳೆಯಿರಿ. (ನಾವು ದೋಣಿಯ ಎಂಜಿನ್ನಿಗೆ ತಂದದ್ದರಲ್ಲಿ ಒಂದು ಲೋಟ ತೆಗೆದುಕೊಂಡೆವು.) ಕೋನಿನಲ್ಲಿ ಹಳ್ಳ ಬಿದ್ದಿದ್ದರೆ ಬದಲಿಸಿ. ನಮ್ಮದರಲ್ಲಿ ಒಂದು ಗುಂಡು ಹೋಳಾಗಿತ್ತು! ಆದರೂ ಹದಿನೆಂಟೂ ಹೊಸತು ಹಾಕಿದೆವು. ಸವೆದ ಗುಂಡಿನ ಜೊತೆ ಹೊಸತು ಸೇರಿಸಿದರೆ ಭಾರವೆಲ್ಲ ಹೊಸತರ ಮೇಲೆ ಬೀಳುತ್ತದೆ.
5. ಬಟ್ಟಲಿಗೆ ಗ್ರೀಸ್ ಹಚ್ಚಿ ಗುಂಡು ಕೂರಿಸಿ. ಕೋನನ್ನು ಕೈಯಲ್ಲೇ ತಿರುಗಿಸಿ ತಾಗಿಸಿ, ಸ್ವಲ್ಪ ಹಿಂದೆ ತಿರುಗಿಸಿ, ಹಿಡಿದುಕೊಂಡೇ ಲಾಕ್ ನಟ್ ಬಿಗಿಯಿರಿ.

ನಾನು ಮೊದಲು ತುಂಬ ಬಿಗಿ ಮಾಡಿದೆ, ಚಕ್ರ ತಿರುಗಲೇ ಇಲ್ಲ. "ಗುಂಡ್ ತಿರ್ಗುಕೆ ಜಾಗ ಬೇಕಲ್ದಾ" ಎಂದು ಅಪ್ಪಯ್ಯ ನಗಾಡಿದರು. ಚೈನು ಹಾಕುವ ಮುಂಚೆ ಆಕ್ಸಲ್ ಹಿಡಿದು ನೋಡಿ. ವಾಲ್ವಿನ ಭಾರಕ್ಕೇ ಚಕ್ರ ಮೆಲ್ಲ ತಿರುಗಬೇಕು, ಆದರೆ ಅಲುಗಬಾರದು.

ಮೊದಲ ದಿನ ಕ್ಯಾರಿಯರಿನಲ್ಲಿ ಅಕ್ಕಿ ಚೀಲ ಇಟ್ಟು ಓಡಿಸಿದೆ. ಮರುದಿನ ತಂಗಿ ಕೂತಳು, ಆದರೆ ಮೊದಲು ತಾನೇ ಚಕ್ರ ಅಲುಗಿಸಿ ನೋಡಿದಳು. ನನಗೆ ನಾಚಿಕೆಯಾಯಿತು. ಈಗ ಪ್ರತಿ ಭಾನುವಾರ ನಾನೇ ಅಲುಗಿಸಿ ನೋಡುತ್ತೇನೆ. ನೀವೂ ನೋಡಿ ಮಿತ್ರರೇ. ಶಬ್ದ ಬಂದ ದಿನವೇ ನೋಡಿ.

ನಿಮಗೆ ಗೊತ್ತೆ? ಸೈಕಲ್ಲಿಗೆ ಗುಂಡಿನ ಬೇರಿಂಗ್ ಹಾಕುವ ಪೇಟೆಂಟನ್ನು 1869ರಲ್ಲಿ ಪ್ಯಾರಿಸ್ಸಿನ ಜೂಲ್ ಸುರಿರೇ ಪಡೆದರು. ಅದೇ ವರ್ಷ ಪ್ಯಾರಿಸ್ಸಿನಿಂದ ರುವಾನ್ ಪಟ್ಟಣಕ್ಕೆ ನಡೆದ ಸೈಕಲ್ ರೇಸನ್ನು ಜೇಮ್ಸ್ ಮೂರ್ ಅಂಥ ಬೇರಿಂಗ್ ಇದ್ದ ಸೈಕಲ್ಲಿನಲ್ಲಿ ಗೆದ್ದರು.

– ಏಳನೇ ತರಗತಿ, ಉಪ್ಪುಂದ