ಗೋಡೆಯ ಸಂದಿನ ಲೆಕ್ಕ

ಮನೆಯ ಜಮಾಖರ್ಚಿನ ಪುಸ್ತಕವನ್ನು ನಿಷ್ಠೆಯಿಂದ ಬರೆದಿಡುವ ಗೃಹಸ್ಥರಲ್ಲಿಯೂ, ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸಿದ್ದು, ಹೆಂಚು ಕೈಯಾಡಿಸಿದ್ದು, ನಲ್ಲಿ ಬದಲಾಯಿಸಿದ್ದು ಇವಕ್ಕೆಲ್ಲ ಒಂದೊಂದು ಬಾಬು ಇರುವಾಗ, ಇಟ್ಟಿಗೆ ಗೋಡೆಯ ಸಂದುಗಳಿಗೆ ಹೊಸ ಗಾರೆ ತುಂಬಿಸಿದ ವೆಚ್ಚವೆಂಬುದೊಂದು ಬಾಬು ಕಾಣಸಿಗುವುದು ಅಪರೂಪ. ಬಣ್ಣ ಹಚ್ಚಿಸಿದ್ದನ್ನು ಬಂದುಹೋಗುವ ನೆಂಟರು ಮೆಚ್ಚುತ್ತಾರೆ. ಸೂರು ಸೋರಿದರೆ ಅಂದು ರಾತ್ರಿಯೇ ಹಾಸಿಗೆ ಎಚ್ಚರಿಸುತ್ತದೆ. ಆದರೆ ಸಂದಿನ ಗಾರೆಯು ಮಳೆಗಾಲಕ್ಕೊಂದಿಷ್ಟು, ಬೇಸಗೆಗೊಂದಿಷ್ಟು ಎಂಬಂತೆ ಯಾರಿಗೂ ತಿಳಿಯದ ಹಾಗೆ ಉದುರುತ್ತ ಹೋಗುವುದರಿಂದ, ಅದರ ಸಾಲ ಬೆಳೆಯುತ್ತಿರುವುದು ಮನೆಯ ಯಜಮಾನನ ಗಮನಕ್ಕೆ ಬರುವ ಹೊತ್ತಿಗೆ ಬಡ್ಡಿಯು ಅಸಲನ್ನು ಮೀರಿರುತ್ತದೆ.

ಮೈಸೂರಿನಲ್ಲಿರುವ ನಮ್ಮ ಹಳೆಯ ಮನೆಯನ್ನು ಕಟ್ಟಿಸಿದ ನಮ್ಮ ತಾತನವರು ಬೀದಿಯ ಕಡೆಯ ಗೋಡೆಗೆ ಮಾತ್ರ ಗಿಲಾವು ಮಾಡಿಸಿ, ಉಳಿದ ಮೂರು ಕಡೆಗಳನ್ನು ಬರಿಯ ಇಟ್ಟಿಗೆಯಾಗಿಯೇ ಬಿಟ್ಟಿದ್ದರು. ಆ ಕಾಲದ ಮಿತವ್ಯಯದ ಲಕ್ಷಣ ಅದು. ಮುಖಕ್ಕೆ ಅಲಂಕಾರ, ಬೆನ್ನಿಗೆ ಬಿಸಿಲು. ಇಟ್ಟಿಗೆಗಳು 9 ಅಂಗುಲ ಉದ್ದ, ನಾಲ್ಕೂವರೆ ಅಂಗುಲ ಅಗಲ, 3 ಅಂಗುಲ ಎತ್ತರದವು. ನಡುವೆ ಸುಮಾರು ಅರ್ಧ ಅಂಗುಲದ ಸಂದು. ಸಂದಿನಲ್ಲಿ ಸುಣ್ಣ, ಸುರ್ಕಿಯೆಂಬ ಇಟ್ಟಿಗೆಯ ಪುಡಿ, ಮರಳು ಬೆರೆಸಿ ಅರೆದ ಗಾರೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ 1824ರಲ್ಲಿಯೇ ಸ್ವಾಮ್ಯಪತ್ರ ಪಡೆದಿದ್ದನಾದರೂ, ನಮ್ಮ ಊರುಗಳ ಸಾಮಾನ್ಯ ಗೃಹಸ್ಥನ ಗೋಡೆಯು ಅದಕ್ಕೆ ನೂರು ವರ್ಷಗಳ ತರುವಾಯವೂ ಸುಣ್ಣವನ್ನೇ ನೆಚ್ಚಿಕೊಂಡಿತ್ತು. ಮುಂಗಾರಿನ ಮಳೆಯು ಗಾಳಿಯೊಡನೆ ಪಡುವಣದಿಂದ ಹೊಡೆಯುವುದಾದಕಾರಣ, ಮೂರು ಗೋಡೆಗಳಲ್ಲಿ ಪಡುವಣದ್ದೇ ಹೆಚ್ಚು ಸವೆದಿತ್ತು. ಕೆಲವೆಡೆ ಕಿರುಬೆರಳ ತುದಿ ಪೂರ್ತಿ ಒಳಗೆ ಹೋಗುವಷ್ಟು. ಸೂರಿನ ಕೆಳಗೆ ಒಂದೆಡೆ ಹಕ್ಕಿ ಬಿತ್ತಿದ ಅರಳಿಯ ಸಸಿಯೊಂದು ಸಂದಿನಲ್ಲಿ ಬೇರು ಬಿಟ್ಟು, ಅದನ್ನು ಕೀಳುವುದು ಪಾಪವೋ ಕೀಳದಿರುವುದು ಮೂರ್ಖತನವೋ ಎಂಬ ಚರ್ಚೆಯು ಮನೆಯ ಹಿರಿಯರಲ್ಲಿ ಎರಡು ಮಳೆಗಾಲಗಳನ್ನು ನುಂಗಿತ್ತು. ಕೊನೆಗೆ ಅದನ್ನು ಬೇರುಸಹಿತ ಬಿಡಿಸಿ ಕೆರೆಯ ಏರಿಯ ಬಳಿ ನೆಟ್ಟು ಉಭಯ ಪಕ್ಷಗಳನ್ನೂ ಸಮಾಧಾನಪಡಿಸಲಾಯಿತು.

ಅದೇ ಗೋಡೆಯ ಬುಡದಲ್ಲಿ, ಯಾವಾಗಲೋ ಯಾರೋ ಸಂದುಗಳಿಗೆ ಸಿಮೆಂಟು ಮೆತ್ತಿದ್ದ ಭಾಗವೊಂದಿತ್ತು. ಅಲ್ಲಿ ಕಂಡದ್ದು ವಿಚಿತ್ರ. ಸಿಮೆಂಟಿನ ಗೆರೆಗಳು ಗಟ್ಟಿಮುಟ್ಟಾಗಿ ನಿಂತು, ಅವುಗಳ ನಡುವಣ ಇಟ್ಟಿಗೆಗಳ ಮುಖವು ಹಪ್ಪಳದಂತೆ ಪದರ ಪದರವಾಗಿ ಕಳಚಿ, ಗೆರೆಗಳಿಗಿಂತ ಒಳಕ್ಕೆ ಸರಿದಿತ್ತು. ಕೈಯಿಟ್ಟರೆ ಕೆಂಪು ಪುಡಿ, ಅದರ ಮೇಲೆ ಉಪ್ಪಿನ ಬಿಳಿಯ ಧೂಳು. ಸುಣ್ಣದ ಗಾರೆ ಉಳಿದುಕೊಂಡಿದ್ದ ಮೇಲಿನ ಭಾಗದಲ್ಲಾದರೋ ಸಂದು ಸವೆದು, ಇಟ್ಟಿಗೆ ಅಂಚು ಮುಕ್ಕಾಗದೆ ಉಳಿದಿತ್ತು.

ಈ ವ್ಯತ್ಯಾಸದ ಕಾರಣವನ್ನು ಅರಿತುಕೊಂಡವನಿಗೆ ಮುಂದಿನ ಹಣದ ಲೆಕ್ಕವೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಗೋಡೆಯು ಮಳೆಯಲ್ಲಿ ನೀರನ್ನು ಕುಡಿಯುತ್ತದೆ, ಬಿಸಿಲಲ್ಲಿ ಬಿಡುತ್ತದೆ. ಸಂದಿನ ಗಾರೆಯು ಇಟ್ಟಿಗೆಗಿಂತ ಮೃದುವೂ ಸಚ್ಛಿದ್ರವೂ ಆಗಿದ್ದರೆ ಆ ತೇವವು ಸಂದಿನ ಮೂಲಕ ಆರುತ್ತದೆ. ನೀರಿನೊಡನೆ ಬಂದ ಲವಣಗಳು ಹರಳುಗಟ್ಟಿ ಹಿಗ್ಗುವುದೂ ಸಂದಿನಲ್ಲಿಯೇ, ಉದುರುವುದೂ ಸಂದೇ. ಸಂದನ್ನು ಸಿಮೆಂಟಿನಿಂದ ಬಿಗಿದುಬಿಟ್ಟರೆ ತೇವಕ್ಕೆ ಇಟ್ಟಿಗೆಯ ಮುಖದ ಹೊರತು ಬೇರೆ ದಾರಿಯಿಲ್ಲವಾಗಿ, ಹರಳುಗಟ್ಟುವ ಉಪ್ಪು ಇಟ್ಟಿಗೆಯನ್ನೇ ಒಡೆಯತೊಡಗುತ್ತದೆ. ಇಟ್ಟಿಗೆಯನ್ನು ಬದಲಾಯಿಸುವುದಕ್ಕಿಂತ ಸಂದನ್ನು ತುಂಬುವುದು ಬಹಳ ಅಗ್ಗ; ಆದುದರಿಂದ ಸವೆಯತಕ್ಕದ್ದು ಸಂದೇ ಆಗಿರಬೇಕೆಂದು ಹಿಂದಿನವರು ಏರ್ಪಾಡು ಮಾಡಿಟ್ಟರು. ರಿಪೇರಿಗೆಂದು ಕರೆಸಿದ ನಮ್ಮ ಮೇಸ್ತ್ರಿಗಳು ಇದನ್ನು ಇಷ್ಟೆಲ್ಲ ವಿಸ್ತರಿಸದೆ, ಗೋಡೆಯ ಬುಡವನ್ನು ಕರಣೆಯ ಹಿಡಿಯಿಂದ ಕುಟ್ಟಿ ನೋಡಿ, “ಸಂದು ಗಟ್ಟಿಯಾದ್ರೆ ಇಟ್ಟಿಗೆ ಸಾಯ್ತದೆ ಸ್ವಾಮಿ” ಎಂದು ಹೇಳಿ ಮುಗಿಸಿದರು.

ಅವರ ಮಾತಿಗೆ ಮುನ್ನ ನಾನು ಇನ್ನೊಬ್ಬರ ಅಂದಾಜನ್ನೂ ತರಿಸಿದ್ದೆ. ಅದು ಚದರಡಿಯ ಲೆಕ್ಕದ ಗುತ್ತಿಗೆ. ಸಿಮೆಂಟಿನಲ್ಲಿ ಸಂದು ಮೆತ್ತಿ, ಗೆರೆ ಎಳೆದು, ವಾರದೊಳಗೆ ಮುಗಿಸಿಕೊಡುವ ಭರವಸೆ. ಈ ಮೇಸ್ತ್ರಿಗಳದ್ದು ದಿನಗೂಲಿಯ ಲೆಕ್ಕ. ಒಟ್ಟು ಮೊತ್ತವನ್ನು ಅಂದಾಜು ಮಾಡಿದರೆ ಗುತ್ತಿಗೆಯ ಎರಡರಷ್ಟಕ್ಕೂ ಮೀರಿತು. ದರಗಳನ್ನು ಇಲ್ಲಿ ಅಚ್ಚುಮಾಡುವುದು ನಿಷ್ಪ್ರಯೋಜಕ. ಮೈಸೂರಿನ ಕೂಲಿ ಬೆಂಗಳೂರಿನದಲ್ಲ, ಈ ವರ್ಷದ್ದು ಮುಂದಿನ ವರ್ಷದ್ದಲ್ಲ. ಆದರೆ ಎರಡು ಅಂದಾಜುಗಳನ್ನು ತೂಗಿ ನೋಡುವ ಕ್ರಮವೊಂದಿದೆ, ಅದು ಎಲ್ಲ ಊರಿಗೂ ಸಲ್ಲುತ್ತದೆ.

ನೂರು ಚದರಡಿಯ ಗೋಡೆಯನ್ನು ತೆಗೆದುಕೊಳ್ಳಿ. ಸಂದೂ ಸೇರಿ ಒಂದೊಂದು ಇಟ್ಟಿಗೆಯು ಒಂಬತ್ತೂವರೆ ಅಂಗುಲ ಉದ್ದ, ಮೂರೂವರೆ ಅಂಗುಲ ಎತ್ತರವನ್ನು ಆಕ್ರಮಿಸುವುದರಿಂದ, ಅಷ್ಟು ಗೋಡೆಯಲ್ಲಿ ಸುಮಾರು 430 ಇಟ್ಟಿಗೆಗಳು ಉದ್ದುದ್ದವಾಗಿ ಕಾಣುತ್ತವೆ. ಅವುಗಳ ಅಡ್ಡ ಸಂದು, ನಿಲುವು ಸಂದುಗಳನ್ನು ಒಂದಕ್ಕೊಂದು ಜೋಡಿಸಿ ಅಳೆದರೆ 450 ಅಡಿಯಾಗುತ್ತದೆ. ಇಟ್ಟಿಗೆಯ ತಲೆಗಳು ಹೊರಕ್ಕೆ ಕಾಣುವ ಕಟ್ಟಡವಾದರೆ ಉದ್ದ ಇನ್ನೂ ಹೆಚ್ಚು. ಈ 450 ಅಡಿಯನ್ನೂ ಒಂದು ಅಂಗುಲದ ಆಳಕ್ಕೆ ಕೆದಕಿ ತುಂಬುವುದಕ್ಕೆ ಬೇಕಾಗುವ ಗಾರೆ ಎಷ್ಟೆಂದು ಗುಣಿಸಿದರೆ, ಒಂದೂವರೆ ಘನ ಅಡಿಗಿಂತ ತುಸು ಹೆಚ್ಚು. ಚೆಲ್ಲಿದ್ದು ಸೇರಿದರೂ ಕೆಲವು ಬಾಣಲೆಗಳು, ಅಷ್ಟೆ. ಎಂದರೆ ಈ ಕೆಲಸದಲ್ಲಿ ಸಾಮಗ್ರಿಯ ಬೆಲೆ ನಗಣ್ಯ. ಒಳ್ಳೆಯ ಸುಣ್ಣಕ್ಕೆ ಎರಡರಷ್ಟು ಬೆಲೆ ತೆತ್ತರೂ ಒಟ್ಟು ಮೊತ್ತ ಕದಲುವುದಿಲ್ಲ. ಅಗ್ಗದ ಸುಣ್ಣ ತಂದು ಉಳಿಸಿದ ಹಣ ಒಂದು ದಿನದ ಕೂಲಿಗೂ ಸಾಲದು. ಹಣವೆಲ್ಲ ಹೋಗುವುದು ಆ 450 ಅಡಿಯನ್ನು ಉಳಿಯಿಂದ ಕೆದಕುವ ಕೈಗಳಿಗೆ, ಸಾರವೆ ಕಟ್ಟುವುದಕ್ಕೆ. ಅಂದಾಜು ಪತ್ರದಲ್ಲಿ ಸಿಮೆಂಟಿನ ಕಂಪನಿಯ ಹೆಸರು ದಪ್ಪಕ್ಷರದಲ್ಲಿದ್ದು ಕೆದಕುವ ಆಳದ ಮಾತೇ ಇಲ್ಲದಿದ್ದರೆ, ಆ ಪತ್ರವನ್ನು ಮಡಿಸಿಟ್ಟುಬಿಡಬಹುದು.

ಚದರಡಿಯ ಗುತ್ತಿಗೆ ಅಗ್ಗವಾಗಿದ್ದ ರಹಸ್ಯವೂ ಇಲ್ಲಿಯೇ ಅಡಗಿದೆ. ಗುತ್ತಿಗೆದಾರನಿಗೆ ಹಣ ಹುಟ್ಟುವುದು ಕಣ್ಣಿಗೆ ಕಾಣುವ ಚದರಡಿಯಿಂದ, ಕಾಣದಿರುವುದು ಆಳ. ಕಾಲಂಗುಲ ಕೆರೆದು ಮೇಲೆ ಮೆತ್ತಿದರೂ, ಒಂದಂಗುಲ ಕೆದಕಿ ಒಳಗೆ ತುಂಬಿದರೂ, ಮುಗಿದ ದಿನ ಗೋಡೆ ಒಂದೇ ಬಗೆಯಾಗಿ ಕಾಣುತ್ತದೆ. ಎರಡು ಮಳೆಗಾಲಗಳ ನಂತರ ಮೆತ್ತಿದ್ದು ಪಟ್ಟಿಪಟ್ಟಿಯಾಗಿ ಕಳಚಿ ಬೀಳುತ್ತದೆ, ಆಗ ಗುತ್ತಿಗೆದಾರನ ದೂರವಾಣಿಗೆ ಯಾರೂ ಉತ್ತರಿಸುವುದಿಲ್ಲ. ಅವನನ್ನು ಅಪ್ರಾಮಾಣಿಕನೆಂದು ದೂಷಿಸುವುದು ನನಗೆ ಸರಿದೋರದು. ನಾವು ಯಾವುದನ್ನು ಅಳೆದು ಹಣ ಕೊಡುತ್ತೇವೆಯೋ ಅದನ್ನೇ ಅವನು ಮಾಡಿಕೊಡುತ್ತಾನೆ. ಆಳಕ್ಕೆ ಹಣ ಕೊಡಬೇಕೆಂದಿದ್ದರೆ ಆಳವನ್ನೇ ಅಳೆಯಬೇಕು.

ನಾನು ಮಾಡಿಕೊಂಡ ಉಪಾಯ ಸರಳವಾದದ್ದು. ಉದ್ದನೆಯ ಮೊಳೆಯೊಂದಕ್ಕೆ ತುದಿಯಿಂದ ಒಂದಂಗುಲದ ದೂರದಲ್ಲಿ ಕೆಂಪು ದಾರ ಸುತ್ತಿದೆ. ಸಂದಿನ ಅಗಲದ ಎರಡರಷ್ಟು ಆಳ ಕೆದಕಬೇಕೆಂಬುದು ಈ ಕಸುಬಿನಲ್ಲಿ ಒಪ್ಪಿತವಾದ ಅಳತೆ. ನಮ್ಮ ಅರ್ಧ ಅಂಗುಲದ ಸಂದಿಗೆ ಅದು ಒಂದಂಗುಲವೇ ಆಯಿತು. ಕೂಲಿಯ ಹಣವನ್ನು ಎರಡು ಪಾಲು ಮಾಡಿ, ಕೆದಕುವ ಕೆಲಸ ಮುಗಿದ ಬಳಿಕ ಹಾಗೂ ಗಾರೆ ತುಂಬುವುದಕ್ಕೆ ಮುಂಚೆ, ಮೊಳೆಯನ್ನು ಅಲ್ಲಲ್ಲಿ ಚುಚ್ಚಿ ದಾರ ಮುಟ್ಟುವುದನ್ನು ನೋಡಿಕೊಂಡು ಮೊದಲ ಪಾಲನ್ನೂ, ನೀರುಣಿಸಿ ಮುಗಿದ ಮೇಲೆ ಎರಡನೆಯದನ್ನೂ ಕೊಡುವುದಾಗಿ ಮೇಸ್ತ್ರಿಗಳೊಡನೆ ಒಪ್ಪಂದ ಮಾಡಿಕೊಂಡೆ. ಅವರು ಮುನಿಸಿಕೊಳ್ಳುವರೇನೋ ಎಂಬ ಅಳುಕು ನನಗಿತ್ತು. ಮೊಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ನಿಮ್ಮತ್ರಾನೇ ಇರ್ಲಿ ಸ್ವಾಮಿ, ಹುಡುಗ್ರು ಹೆದರ್ತಾರೆ” ಎಂದು ನಕ್ಕರು. ವಿದ್ಯುತ್ತಿನ ಕತ್ತರಿಸುವ ಯಂತ್ರವನ್ನು ತಂದರೆ ಕೂಲಿ ಅರ್ಧಕ್ಕಿಳಿಯುವುದಲ್ಲವೆ ಎಂದು ಕೇಳಿದ್ದಕ್ಕೆ, ಅದರ ಚಕ್ರವು ಇಟ್ಟಿಗೆಯ ಅಂಚನ್ನು ತಿಂದು ಸಂದನ್ನು ಶಾಶ್ವತವಾಗಿ ಅಗಲಮಾಡುವುದೆಂದೂ, ಸುಣ್ಣದ ಗಾರೆಗೆ ಉಳಿ ಸುತ್ತಿಗೆಗಳೇ ಸಾಕೆಂದೂ ತೋರಿಸಿಕೊಟ್ಟರು.

ಗಾರೆಗೆ ಸುಣ್ಣ ಒಂದು ಪಾಲು, ಸುರ್ಕಿ ಒಂದು ಪಾಲು, ಮರಳು ಒಂದು ಪಾಲು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ನುಣ್ಣಗೆ ಅರೆದ ಇಟ್ಟಿಗೆಯ ಪುಡಿ ಸೇರಿದರೆ ತೇವದಲ್ಲಿಯೂ ಬಿಗಿಯುವ ಗುಣ ಬರುತ್ತದೆ. ಹದ ನೋಡುವ ಬಗೆ ಚೆನ್ನಾಗಿತ್ತು: ಕರಣೆಯ ಮೇಲೆ ಗಾರೆ ತೆಗೆದುಕೊಂಡು ಕರಣೆಯನ್ನು ಬೋರಲು ಹಾಕಿದರೆ ಅದು ಬೀಳದೆ ಅಂಟಿಕೊಂಡಿರಬೇಕು. ಕೆದಕಿದ ಸಂದನ್ನು ಕುಂಚದಿಂದ ಗುಡಿಸಿ, ನೀರು ಹೊಡೆದು, ಹೊಳಪು ಆರುವವರೆಗೆ ಕಾದು, ಗಾರೆಯನ್ನು ಪದರ ಪದರವಾಗಿ ಒಳಕ್ಕೆ ಒತ್ತಿದರು. ಹೆಬ್ಬೆರಳಿಂದ ಒತ್ತಿದರೆ ಗುರುತು ಬೀಳದಷ್ಟು ಬಿಗಿದ ಮೇಲೆಯೇ ಅಂಚು ತೀಡಿದರು. ಬಳಿಕ ಗೋಣಿತಾಟುಗಳನ್ನು ಇಳಿಬಿಟ್ಟು ದಿನವೂ ನೀರು ಚಿಮುಕಿಸುವ ಕೆಲಸ ಮನೆಯವರ ಪಾಲಿಗೆ ಬಂತು. ಅದಕ್ಕೆ ಕೂಲಿಯಿಲ್ಲ, ಆದರೆ ತಪ್ಪಿಸಿದರೆ ಗಾರೆಯು ಪುಡಿಯಾಗಿ ಕೊಟ್ಟ ಕೂಲಿಯೆಲ್ಲ ಮಣ್ಣುಪಾಲು. ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಈ ಕೆಲಸ ಆಗಬೇಕು. ಮಳೆ ಗಾರೆಯನ್ನು ತೊಳೆಯುತ್ತದೆ, ಚೈತ್ರದ ಬಿಸಿಲು ಅದನ್ನು ಬಿಗಿಯುವ ಮುನ್ನವೇ ಒಣಗಿಸುತ್ತದೆ. ಸೂರಿನ ಒಡೆದ ದೋಣಿಯನ್ನು ಮೊದಲು ಸರಿಮಾಡಿಸಿಕೊಂಡೆವೆಂಬುದನ್ನೂ ಹೇಳಬೇಕು. ನೀರು ಬೀಳುವುದನ್ನು ತಡೆಯದೆ ಸಂದು ತುಂಬಿಸುವುದು ತೂತಿನ ಜೇಬಿಗೆ ಹಣ ಹಾಕುವ ಬಾಬತ್ತು.

ಸುಣ್ಣದ ಗಾರೆಯ ಕಟ್ಟಡಗಳನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದನ್ನು ಮೈಸೂರಿನವರಿಗೆ ವಿವರಿಸಬೇಕಾಗಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಕಡೆಯ ಭಾಗ ಬಿದ್ದಿತು. ಆಮೇಲೆ ನಡೆದದ್ದು ಉಳಿಸಬೇಕೋ ಕೆಡವಬೇಕೋ ಎಂಬ ವರ್ಷಾನುವರ್ಷದ ವ್ಯಾಜ್ಯ. ಒಂದು ಮನೆಯ ಗೋಡೆಗೆ ಅಷ್ಟು ದೊಡ್ಡ ಗತಿ ಬಾರದಿದ್ದರೂ, ಮಳೆಗಾಲ ತಪ್ಪಿದ ರಿಪೇರಿಯ ಲೆಕ್ಕವನ್ನು ಕೇಳುವುದು ಮಾತ್ರ ಎಲ್ಲೆಡೆಯೂ ಒಂದೇ ತೆರ.

ಇನ್ನು ಈ ಹಣ ಎಲ್ಲಿಂದ ಬರಬೇಕು? ಮನೆಗೆ ವಿಮೆಯಿದೆಯಲ್ಲ ಎನ್ನುವವರುಂಟು. ವಿಮೆಯು ಬೆಂಕಿ, ಬಿರುಗಾಳಿ, ನೆರೆಗಳಂತಹ ಆಕಸ್ಮಿಕಕ್ಕೆ; ಕಾಲಕ್ರಮದ ಸವಕಳಿಯು ಆಕಸ್ಮಿಕವಲ್ಲ, ಖಂಡಿತ; ಖಂಡಿತವಾದುದಕ್ಕೆ ಯಾವ ವಿಮೆಗಾರನೂ ಹಣ ಕೊಡನು. ತೆರಿಗೆಯಲ್ಲಿಯೂ ನಾವೇ ವಾಸಿಸುವ ಮನೆಯ ರಿಪೇರಿಯ ಖರ್ಚಿಗೆ ವಿನಾಯಿತಿಯಿಲ್ಲ. ಸಾಲ ಮಾಡಿ ರಿಪೇರಿ ಮಾಡಿಸಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ವರ್ಷಕ್ಕೆ 30,000 ರೂಪಾಯಿಯವರೆಗಿನ ಬಡ್ಡಿಗೆ ರಿಯಾಯಿತಿಯುಂಟು. ಬಾಡಿಗೆಗೆ ಕೊಟ್ಟ ಮನೆಯ ಸಂಗತಿ ಬೇರೆ. ಬಾಡಿಗೆಯಿಂದ ಪೌರಸಂಸ್ಥೆಯ ತೆರಿಗೆಯನ್ನು ಕಳೆದುಳಿದ ಮೊತ್ತದಲ್ಲಿ ಶೇಕಡ 30ನ್ನು, ನೀವು ರಿಪೇರಿಗೆ ಒಂದು ಕಾಸು ಬಿಚ್ಚಿದರೂ ಬಿಚ್ಚದಿದ್ದರೂ, ಸರ್ಕಾರ ಬಿಟ್ಟುಕೊಡುತ್ತದೆ. ಬಿಚ್ಚದವನಿಗೇ ಲಾಭವೆಂಬ ಭ್ರಮೆಗೆ ಇದು ಎಡೆಗೊಡುತ್ತದಾಗಿ, ನಮ್ಮ ಬಡಾವಣೆಗಳ ಬಾಡಿಗೆಮನೆಗಳ ಗೋಡೆಗಳನ್ನು ನೋಡಿದರೆ ಆ ಶೇಕಡ 30 ಎತ್ತ ಹೋಗಿದೆಯೆಂಬುದು ಹೇಳದೆಯೇ ತಿಳಿಯುತ್ತದೆ.

ನಾನು ಅಂಚೆ ಕಚೇರಿಯಲ್ಲಿ ಐದು ವರ್ಷದ ಆವರ್ತ ಠೇವಣಿಯೊಂದನ್ನು ಮನೆಯ ಹೆಸರಿಗೆಂದೇ ಪ್ರತ್ಯೇಕವಾಗಿ ಇಟ್ಟಿದ್ದೇನೆ. ತಿಂಗಳಿಗೆ 100 ರೂಪಾಯಿಯಿಂದಲೂ ಅದನ್ನು ಆರಂಭಿಸಬಹುದು. ಪಡುವಣ ಗೋಡೆಯ ಖರ್ಚನ್ನು ಐದು ವರ್ಷಗಳ ತಿಂಗಳುಗಳಿಗೆ ಹಂಚಿ ಕಂತನ್ನು ಗೊತ್ತುಮಾಡಿದೆ, ಏಕೆಂದರೆ ಒಂದೊಂದು ಅವಧಿ ಮುಗಿದಾಗ ಒಂದೊಂದು ಗೋಡೆ ಎಂಬುದು ನನ್ನ ಲೆಕ್ಕ. ಮೂರನ್ನೂ ಒಮ್ಮೆಲೇ ಮಾಡಿಸಿದರೆ ಸಾರವೆಯ ಬಾಡಿಗೆಯಲ್ಲಿ ಉಳಿತಾಯವಾಗುವುದೇನೋ ನಿಜ, ಆದರೆ ಮೂಡಣ ಗೋಡೆಯ ಸಂದುಗಳು ಇನ್ನೂ ಉಗುರಿಗೆ ಜಗ್ಗದಷ್ಟು ಗಟ್ಟಿಯಾಗಿರುವಾಗ ಅವನ್ನು ಕೆದಕಿಸುವುದು ಹಣವನ್ನೂ ಗೋಡೆಯನ್ನೂ ಕೆಡಿಸುವ ಕೆಲಸ.

ಹಿತ್ತಲಿನ ಕಾಂಪೌಂಡಿನ ವಿಷಯದಲ್ಲಿ ಮಾತ್ರ ಮೇಸ್ತ್ರಿಗಳು ಸುಣ್ಣದ ಹಟ ಹಿಡಿಯಲಿಲ್ಲ. ಅದು ಬಹಳ ಈಚೆಗೆ, ಯಂತ್ರದಲ್ಲಿ ತೆಗೆದ ಗಟ್ಟಿ ಇಟ್ಟಿಗೆಯಿಂದ, ಸಿಮೆಂಟಿನಲ್ಲಿಯೇ ಕಟ್ಟಿದ್ದು. ಅಲ್ಲಿ ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಗಾರೆ ಸಾಕೆಂದರು. ಅದಕ್ಕೆ ಚದರಡಿಯ ದರವನ್ನೇ ಒಪ್ಪಿಕೊಂಡೆ. ಮೊಳೆಯನ್ನು ಅಲ್ಲಿಯೂ ಒಯ್ದಿದ್ದೆ.