ಹೊನ್ನಿನ ಗಣಿಯೂ ಕಾಯಕದ ಕೈಯೂ

ಕಾಯಕವೆಂಬ ಪದವು ಶಿವಶರಣರ ಬೋಧೆಯಲ್ಲಿ ಅತ್ಯಂತ ಪರಿಚಿತವಾದುದು. ಪರಿಚಯವು ಅತಿಯಾದಾಗ ಅರ್ಥವು ಸವೆಯುವುದುಂಟು. ದುಡಿಯಬೇಕು, ಸೋಮಾರಿಯಾಗಬಾರದು ಎಂಬಷ್ಟಕ್ಕೆ ಕಾಯಕವನ್ನು ಸೀಮಿತಗೊಳಿಸಿದವರು ಬಹುಮಂದಿ. ಆದರೆ ಈ ತತ್ತ್ವವು ದುಡಿಯುವವನಿಗೆ ಎಷ್ಟನ್ನು ವಿಧಿಸುತ್ತದೆಯೋ ದುಡಿಸುವವನಿಗೂ ಅಷ್ಟನ್ನೇ ವಿಧಿಸುತ್ತದೆ. ಈ ಎರಡನೆಯ ಮುಖವನ್ನು ಮನಗಾಣಲು, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ನಡೆದ ಸಂಗತಿಗಳು ಒಳ್ಳೆಯ ಪಾಠವಾಗಿವೆ.

ಕೋಲಾರ ಸೀಮೆಯ ಬಂಜರು ನೆಲದಲ್ಲಿ ಹೊನ್ನಿದೆಯೆಂಬುದು ಪ್ರಾಚೀನರಿಗೂ ತಿಳಿದಿದ್ದಿತು. ಅದನ್ನು ಆಳವಾಗಿ ಅಗೆದು ತೆಗೆಯುವ ಕಾರ್ಯವು ೧೮೮೦ರ ಬಳಿಕ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಎಂಬ ಸಂಸ್ಥೆಯ ಆಡಳಿತದಲ್ಲಿ ಬೆಳೆಯಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ಒಂದರ ಪಕ್ಕದಲ್ಲೊಂದು ತಲೆಯೆತ್ತಿದುವು. ಅಂದು ಬೌರಿಂಗ್‌ಪೇಟೆಯೆನಿಸಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗಳಿಗೆ ೧೮೯೪ರಲ್ಲಿ ರೈಲುಮಾರ್ಗವು ಬಂದಿತು. ಗಣಿಯ ಜನರೂ ವರ್ತಕರೂ ವಾಸಿಸಲು ನೇರವಾದ ಬೀದಿಗಳುಳ್ಳ ಹೊಸ ಪೇಟೆಯೊಂದು ನಿರ್ಮಾಣವಾಯಿತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರಿನಿಂದ ಅದು ರಾಬರ್ಟ್‌ಸನ್‌ಪೇಟೆಯೆನಿಸಿತು. ತಮಿಳು, ತೆಲುಗು, ಕನ್ನಡಗಳನ್ನಾಡುವ ಜನರು ಒಂದೇ ಬೀದಿಯಲ್ಲಿ ನೆರೆಹೊರೆಯವರಾದರು. ಗಣಿಯೊಳಗೆ ಇಳಿದು ದುಡಿದವರಲ್ಲಿ ಬಹುಪಾಲು ಜನರು ಆರ್ಕಾಟು ಮೊದಲಾದ ಸೀಮೆಗಳಿಂದ ಹೊಟ್ಟೆಯ ಪಾಡಿಗಾಗಿ ಬಂದ ಬಡವರು. ಸಮಾಜವು ಕೀಳೆಂದು ದೂರವಿಟ್ಟಿದ್ದ ಕುಲಗಳವರು.

ಆ ಕಾಲದ ಬಹುದೊಡ್ಡ ಘಟನೆಯೆಂದರೆ ಗಣಿಗಳಿಗೆ ವಿದ್ಯುಚ್ಛಕ್ತಿಯು ಬಂದುದು. ಅದಕ್ಕೆ ಮುನ್ನ ಯಂತ್ರಗಳು ಸೌದೆ, ಕಲ್ಲಿದ್ದಲುಗಳನ್ನು ಉರಿಸಿ ಪಡೆದ ಉಗಿಯಿಂದ ನಡೆಯುತ್ತಿದ್ದುವು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ತನ್ನು ಪಡೆದು ಗಣಿಗಳಿಗೆ ಒದಗಿಸುವ ಯೋಜನೆಗೆ ಬೆಂಬಲವಾಗಿ ನಿಂತರು. ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯರ್ ಅದನ್ನು ಕಾರ್ಯಕ್ಕೆ ತಂದರು. ೧೯೦೨ರ ಜೂನ್ ೩೦ರಂದು ಸುಮಾರು ೯೨ ಮೈಲಿಗಳ ತಂತಿಯನ್ನು ಹಾಯ್ದು ವಿದ್ಯುತ್ತು ಗಣಿಯನ್ನು ಮುಟ್ಟಿತು. ಆಗ ಅದು ಜಗತ್ತಿನ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಒಂದಾಗಿದ್ದಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ದೊರೆತುದು ಮೂರು ವರ್ಷಗಳ ಅನಂತರ, ೧೯೦೫ರಲ್ಲಿ. ಯೋಜನೆಗೆ ಆಸರೆಯಾಗಿದ್ದ ಶೇಷಾದ್ರಿ ಅಯ್ಯರ್ ಅವರು ಮಾತ್ರ ೧೯೦೧ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ತಾವು ನೆಟ್ಟ ಮರದ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ. ಫಲವನ್ನು ಕಾಣದೆಯೂ ಕರ್ತವ್ಯವನ್ನು ಪೂರೈಸಿದವರ ದುಡಿಮೆಯನ್ನು ಕಾಯಕವೆನ್ನಲು ಅಡ್ಡಿಯಿಲ್ಲ.

ಬೆಳಕು ಬಂದಿತು, ಯಂತ್ರಗಳ ವೇಗವು ಹೆಚ್ಚಿತು, ಗಣಿಯು ಇನ್ನೂ ಆಳಕ್ಕಿಳಿಯಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿಯ ಆಳವು ಹತ್ತು ಸಾವಿರ ಅಡಿಗಳನ್ನು ಮೀರಿತು. ಆಳವು ಹೆಚ್ಚಿದಂತೆ ಬಂಡೆಯ ಕಾವೂ ಹೆಚ್ಚುವುದು. ಮೇಲಿನ ಭಾರದ ಒತ್ತಡದಿಂದ ಬಂಡೆಯು ತಾನಾಗಿ ಸಿಡಿಯುವುದು. ಅಂತಹ ಸ್ಫೋಟಗಳಲ್ಲಿ ಪ್ರಾಣವನ್ನು ನೀಗಿದವರು ಅನೇಕರು. ಕಲ್ಲಿನ ಧೂಳನ್ನು ಉಸಿರಾಡಿ ಶ್ವಾಸಕೋಶಗಳು ಗಟ್ಟಿಯಾಗಿ, ಮನೆಗೆ ಮರಳಿ ಮೆಲ್ಲಮೆಲ್ಲನೆ ಸತ್ತವರೂ ಅನೇಕರು. ಒಡವೆಯಾಗಿ ಕೊರಳಲ್ಲಿ ಮೆರೆಯುವ ಚಿನ್ನದ ಹಿಂದೆ ಇಷ್ಟೆಲ್ಲ ದುಡಿಮೆಯಿದೆಯೆಂಬುದು ಧರಿಸಿದವರ ನೆನಪಿಗೆ ಬರುವುದು ವಿರಳ.

ಗಣಿಯಲ್ಲಿ ಚಿನ್ನದ ಕಳವು ನಡೆಯುತ್ತಿದ್ದುದು ಸುಳ್ಳಲ್ಲ; ಅದನ್ನು ತಡೆಯಲು ಪ್ರತ್ಯೇಕ ಕಾನೂನೂ ಕಾವಲೂ ಇದ್ದುವು. ಆದರೆ ಕೆಲವರ ತಪ್ಪಿನ ಶಂಕೆಯು ಎಲ್ಲರ ಮೇಲೂ ಕವಿಯಿತು. ೧೯೩೦ರಲ್ಲಿ ಕಾರ್ಮಿಕರೆಲ್ಲರೂ ತಮ್ಮ ಬೆರಳುಗಳ ಗುರುತನ್ನೊತ್ತಿ ನೋಂದಾಯಿಸಿಕೊಳ್ಳಬೇಕೆಂದು ಆಡಳಿತವರ್ಗವು ವಿಧಿಸಿತು. ಅಪರಾಧಿಗಳಿಂದ ಪಡೆಯುವ ಗುರುತನ್ನು ತಮ್ಮಿಂದಲೂ ಕೇಳುವರೆಂದು ಕಾರ್ಮಿಕರು ನೊಂದುಕೊಂಡರು. ಸಾವಿರಾರು ಜನರು ಗಣಿಗೆ ಇಳಿಯಲೊಲ್ಲದೆ ಕುಳಿತರು. ಮುಷ್ಕರವು ವಾರಗಳ ಕಾಲ ನಡೆಯಿತು. ಆ ದಿನಗಳಲ್ಲಿ ಅವರಿಗೆ ನಾಯಕತ್ವ ಕೊಡುವ ಬಲವಾದ ಸಂಘವೂ ಇರಲಿಲ್ಲ. ಕಾರ್ಮಿಕಸಂಘಗಳು ಅಲ್ಲಿ ಬೇರೂರಿದುದು ೧೯೪೦ರ ದಶಕದಲ್ಲಿ. ದಿನಗೂಲಿಯನ್ನೇ ನಂಬಿದ ಬಡವರು, ಒಲೆಯಾರುವುದೆಂದು ತಿಳಿದೂ, ಮರ್ಯಾದೆಗಾಗಿ ಕೈಕಟ್ಟಿ ಕುಳಿತರು. ದುಡಿಯುವ ಕೈಗೆ ಕೂಲಿಯಂತೆಯೇ ಗೌರವವೂ ಆಹಾರವೆಂಬುದನ್ನು ಈ ಘಟನೆಯು ಸಾರುತ್ತದೆ.

ಇಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ಸ್ಮರಿಸುವುದು ಯುಕ್ತ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ನಮಗೆ ಸಲ್ಲದು, ಇದ್ದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಹಿಂದಕ್ಕೆ ಕಳುಹಿದಳು. ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಅಂಶವೊಂದಿದೆ. ಮಾರಯ್ಯನ ಕೈಯನ್ನು ಶೋಧಿಸಲು ಮಹಾಮನೆಯ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಅಂಗಳವು ತೆರೆದಿದ್ದಿತು, ಆತನ ಮೇಲೆ ವಿಶ್ವಾಸವಿದ್ದಿತು. ಅಳತೆಯು ಹುಟ್ಟಿದುದು ಆತನ ಮನೆಯೊಳಗೆ, ಸತಿಯ ಅಂತಃಕರಣದಲ್ಲಿ. ಕಾಯಕದ ಶುಚಿಯನ್ನು ಕಾವಲುಗಾರನು ಕಾಯಲಾರನು. ವಿಶ್ವಾಸವನ್ನುಂಡ ಮನಸ್ಸು ಮಾತ್ರ ಅದನ್ನು ಕಾಯಬಲ್ಲುದು.

ಅದೇ ವರ್ಷಗಳಲ್ಲಿ ಬಿಜಾಪುರದಲ್ಲಿ ಇನ್ನೊಂದು ಬಗೆಯ ನಿಧಿಯ ಶೋಧನೆಯು ನಡೆಯುತ್ತಿದ್ದಿತೆಂಬುದು ಗಮನಾರ್ಹ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮಠಗಳಲ್ಲಿ ಅಡಗಿದ್ದ ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು; ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅರಿವೆ ಒಗೆದ ಮಾಚಯ್ಯ, ಹಗ್ಗ ಹೊಸೆದ ಚಂದಯ್ಯ, ದೋಣಿ ನಡೆಸಿದ ಚೌಡಯ್ಯ, ಅಕ್ಕಿ ಆಯ್ದ ಮಾರಯ್ಯ ಇಂತಹ ಶ್ರಮಜೀವಿಗಳ ವಾಣಿಯು ಹೀಗೆ ಗೃಹಸ್ಥರ ಕೈಸೇರಿತು. ಅತ್ತ ಗಣಿಯಲ್ಲಿ ದುಡಿಯುವವರ ಬೆರಳಿನ ಗುರುತನ್ನು ಕೇಳುತ್ತಿದ್ದ ಕಾಲದಲ್ಲಿಯೇ ಇತ್ತ ದುಡಿಯುವವರ ನುಡಿಯು ಶಾಸ್ತ್ರವೆಂಬ ಹೆಸರಿನಿಂದ ಪ್ರಕಟವಾಯಿತು.

ಬಂಧನವು ಲೋಹದಲ್ಲಿಲ್ಲ, ಅದನ್ನು ಹಂಬಲಿಸುವ ಚಿತ್ತದಲ್ಲಿದೆ ಎಂಬುದು ಅಲ್ಲಮಪ್ರಭುಗಳ ಬೋಧೆಯ ಸಾರ. ಆದುದರಿಂದ ಹೊನ್ನನ್ನು ದೂಷಿಸಿ ಫಲವಿಲ್ಲ. ಗಣಿಯ ಒಡೆಯರನ್ನು ದೂಷಿಸಿ ಸುಮ್ಮನಾಗುವುದೂ ಸುಲಭವೇ. ಸದ್ಗೃಹಸ್ಥನು ತನ್ನ ಮನೆಯನ್ನೇ ನೋಡಿಕೊಳ್ಳಬೇಕು. ಹೊಲದಲ್ಲಿ ಕಳೆ ಕೀಳುವ ಆಳಿಗೆ ಸಂಜೆಯ ಕೂಲಿಯನ್ನು ನಾಳೆಗೆ ಮುಂದೂಡುವುದುಂಟೋ? ಪಾತ್ರೆ ತೊಳೆದು ಹೊರಟವಳ ಮಡಿಲಿನತ್ತ ಕಣ್ಣು ಹಾಯುವುದುಂಟೋ? ಒಂದು ವಸ್ತುವು ಕಾಣದಾದಾಗ ಹುಡುಕುವ ಮುನ್ನವೇ ಅಂಗಡಿಯ ಹುಡುಗನ ಹೆಸರು ನಾಲಗೆಗೆ ಬರುವುದುಂಟೋ? ಉಂಟಾದರೆ ೧೯೩೦ರ ಗಣಿಯು ಕೋಲಾರದಲ್ಲಿ ಮಾತ್ರವಿಲ್ಲ. ದಾಸೋಹಕ್ಕೆ ಹಣವನ್ನಿತ್ತು, ದುಡಿದವನಿಗೆ ಅವಮಾನವನ್ನಿತ್ತರೆ ಆ ದಾಸೋಹವು ಅಪೂರ್ಣ. ಲಕ್ಕಮ್ಮನು ಪತಿಯು ತಂದ ಅಕ್ಕಿಯನ್ನು ಅಳೆದಂತೆ, ಗೃಹಿಣಿಯು ಮನೆಗೆ ಬಂದ ಸಂಪತ್ತನ್ನು ಅಳೆಯಬೇಕು: ಇದರಲ್ಲಿ ಅನ್ಯರಿಗೆ ಸಲ್ಲಬೇಕಾದುದು ಎಷ್ಟು ಉಳಿದಿದೆ?

ಕೋಲಾರದ ಗಣಿಗಳಿಂದ ಒಟ್ಟು ಸುಮಾರು ೮೦೦ ಟನ್ ಚಿನ್ನವು ಹೊರಬಂದಿತೆಂದು ಲೆಕ್ಕವಿದೆ. ೧೯೫೬ರಲ್ಲಿ ಅವು ಮೈಸೂರು ಸರ್ಕಾರದ ವಶವಾದುವು. ಬಳಿಕ ಕೇಂದ್ರ ಸರ್ಕಾರಕ್ಕೆ ಸೇರಿದುವು. ಅದಿರಿನಲ್ಲಿ ಹೊನ್ನಿನ ಅಂಶವು ಕ್ಷೀಣಿಸಿ, ವೆಚ್ಚವು ಆದಾಯವನ್ನು ಮೀರಿ, ೨೦೦೧ರ ಫೆಬ್ರವರಿ ೨೮ರಂದು ಕೆಲಸವು ನಿಂತಿತು. ಇಂದು ರಾಬರ್ಟ್‌ಸನ್‌ಪೇಟೆಯ ಸುತ್ತ ಅರೆದು ಬಿಸುಟ ಮಣ್ಣಿನ ದಿಬ್ಬಗಳು ನಿಂತಿವೆ. ಗಣಿಗೆ ಇಳಿದವರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲಿ ರೈಲನ್ನೇರಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ದುಡಿದು, ಇರುಳಿಗೆ ಮರಳುತ್ತಾರೆ. ಹೊನ್ನು ತೀರಿತು, ದುಡಿಯುವ ಕೈ ತೀರಲಿಲ್ಲ. ಆ ಕೈಯನ್ನು ಶಂಕಿಸದೆ, ಅದಕ್ಕೆ ಸಲ್ಲುವುದನ್ನು ಸಕಾಲದಲ್ಲಿ ಸಲ್ಲಿಸಿ, ಸಮಾನವಾಗಿ ಆದರಿಸುವವನೇ ಕಾಯಕತತ್ತ್ವವನ್ನು ಅರಿತ ಭಕ್ತನು.