ಉಪ್ಪಿನ ಹಾದಿಯಲ್ಲಿ ಮೋಟಾರ್ ಸೈಕಲ್ಲು

ಇಂಗ್ಲೆಂಡಿನ ಚಳಿಗಾಲದ ಒಂದು ಸಂಜೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಹಗಲೆಲ್ಲ ತುಂತುರು ಹನಿ ಬಿದ್ದು ರಸ್ತೆ ಒದ್ದೆಯಾಗಿದೆ. ಮುಂಜಾವಿನ ವೇಳೆಗೆ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದೆಂಬ ಸೂಚನೆ ಬಂದಿದೆ. ಕತ್ತಲಾಗುತ್ತಲೇ ಲಾರಿಯೊಂದು ಮೆಲ್ಲನೆ ಬರುತ್ತದೆ. ಅದರ ಹಿಂದೆ ತಿರುಗುವ ತಟ್ಟೆಯೊಂದು ಕಂದುಬಣ್ಣದ ಹರಳುಗಳನ್ನು ರಸ್ತೆಯ ಅಗಲಕ್ಕೂ ಎರಚುತ್ತ ಸಾಗುತ್ತದೆ. ಅದು ಕಲ್ಲುಪ್ಪು. ಚೆಷೈರ್ ಪ್ರಾಂತದ ವಿನ್ಸ್‌ಫರ್ಡ್ ಎಂಬಲ್ಲಿ 1844ರಲ್ಲಿ ಉಪ್ಪು ಪತ್ತೆಯಾಗಿ ತೋಡಿದ ಗಣಿಯಿಂದ ಇಂದಿಗೂ ಇದನ್ನು ತೆಗೆಯುತ್ತಾರೆ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಅದು. ಜೇಡಿಮಣ್ಣಿನ ಬೆರಕೆಯಿಂದ ಕಂದಾಗಿದೆ.

ಉಪ್ಪು ಕರಗಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ನೂರು ಭಾಗ ದ್ರಾವಣದಲ್ಲಿ 23 ಭಾಗ ಉಪ್ಪಿದ್ದರೆ ಸೊನ್ನೆಗಿಂತ 21 ಡಿಗ್ರಿ ಸೆಂಟಿಗ್ರೇಡ್ ಕೆಳಗಿನವರೆಗೂ ಅದು ದ್ರವವಾಗಿಯೇ ಉಳಿಯಬಲ್ಲದು. ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟದೆ ಚಕ್ರ ಜಾರದೆ ಜನರ ಪ್ರಾಣ ಉಳಿಯುತ್ತದೆ. ಆದರೆ ಆ ಉಪ್ಪುನೀರನ್ನು ಮೈಮೇಲೆ ಎರಚಿಕೊಂಡು ಓಡುವ ವಾಹನದ ಗತಿಯೇನು? ಕಾರಿನ ಯಂತ್ರವಾದರೋ ಹೊದಿಕೆಯೊಳಗೆ ಅಡಗಿದೆ. ಮೋಟಾರ್ ಸೈಕಲ್ಲಿನಲ್ಲಿ ಎಲ್ಲವೂ ಬಯಲಿಗೆ ಬಿದ್ದಿದೆ. ಮುಂದಿನ ಚಕ್ರ ಎತ್ತಿ ಎಸೆದ ನೀರು ನೇರವಾಗಿ ಎಂಜಿನ್ನಿನ ಎದೆಗೂ ಹೊಗೆಕೊಳವೆಗೂ ಬಡಿಯುತ್ತದೆ. ಅಲ್ಲಿ ಉಕ್ಕು, ಅಲ್ಯೂಮಿನಿಯಂ, ಸತು, ನಿಕ್ಕಲ್, ಕ್ರೋಮಿಯಂ ಇವೆಲ್ಲವೂ ಒಂದಕ್ಕೊಂದು ತಾಗಿಕೊಂಡಿವೆ. ಲೋಹಗಳ ಸವೆತವನ್ನು ಅಭ್ಯಾಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರಕುವುದು ಕಷ್ಟ.

ಮೊದಲು ಲೆಕ್ಕವೊಂದನ್ನು ಮಾಡೋಣ. ಸಾಧಾರಣ ಹಿಮದ ರಾತ್ರಿಗೆ ಚದರ ಮೀಟರಿಗೆ ಸುಮಾರು 10 ಗ್ರಾಂ ಉಪ್ಪು ಹಾಕುವುದು ರೂಢಿ. ರಸ್ತೆಯ ಮೇಲಿನ ನೀರಿನ ಪೊರೆ ಒಂದು ಮಿಲಿಮೀಟರ್ ದಪ್ಪವಿದೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರಾಯಿತು. ಅಂದರೆ ಶೇಕಡಾ 1ರ ದ್ರಾವಣ. ಸಮುದ್ರದ ನೀರಿನಲ್ಲಿ ಶೇಕಡಾ 3.5 ಉಪ್ಪಿದೆ. ಇಷ್ಟೇಯೇ ಎಂದು ಸಮಾಧಾನಪಡಬಾರದು. ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಕಬ್ಬಿಣ ಅತ್ಯಂತ ವೇಗವಾಗಿ ಸವೆಯುವುದು ಶೇಕಡಾ 3ರ ಸುಮಾರಿನ ದ್ರಾವಣದಲ್ಲಿ. ಅದಕ್ಕಿಂತ ಗಾಢವಾದರೆ ನೀರಿನಲ್ಲಿ ಆಮ್ಲಜನಕ ಕರಗುವ ಪ್ರಮಾಣ ಕಡಿಮೆಯಾಗುವುದರಿಂದ ವೇಗ ಇಳಿಯುತ್ತದೆ. ಗಾಡಿಗೆ ಅಂಟಿದ ಹನಿ ಮೂರರಲ್ಲೊಂದು ಪಾಲಿಗೆ ಆರುವಾಗ ಸರಿಯಾಗಿ ಈ ಅಪಾಯದ ಹಂತವನ್ನು ಮುಟ್ಟುತ್ತದೆ. ಅದೂ ಅಲ್ಲದೆ ಪೊರೆ ತೆಳುವಾದಷ್ಟೂ ಗಾಳಿಯ ಆಮ್ಲಜನಕ ಲೋಹವನ್ನು ಬೇಗ ತಲುಪುತ್ತದೆ. ಹೀಗೆ ಗಾಡಿ ಓಡುವಾಗಿಗಿಂತಲೂ ಮನೆಗೆ ಬಂದು ನಿಂತು ಆರುವಾಗಲೇ ಹೆಚ್ಚು ಕೆಡುವುದು.

ಆಮ್ಲಜನಕಕ್ಕೆ ಇಲ್ಲೇನು ಕೆಲಸ? ತುಕ್ಕು ಹಿಡಿಯುವುದು ಒಂದು ವಿದ್ಯುತ್ ಕ್ರಿಯೆ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಕೇಂಬ್ರಿಡ್ಜಿನ ಯುಲಿಕ್ ಎವಾನ್ಸ್ (1889–1980). 1926ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಕಾಲೇಜಿನ ಯಾವ ವಿದ್ಯಾರ್ಥಿಯೂ ಮಾಡಬಹುದಾದಷ್ಟು ಸರಳ. ಉಪ್ಪುನೀರಿಗೆ ಸ್ವಲ್ಪ ಫಿನಾಲ್ಫ್ಥಲೀನನ್ನೂ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡನ್ನೂ ಬೆರೆಸಿ, ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ದೊಡ್ಡದೊಂದು ಹನಿಯನ್ನು ಇಡಬೇಕು. (ಫೆರಿಸಯನೈಡನ್ನು ಆಮ್ಲಗಳ ಬಳಿಗೆ ಒಯ್ಯಬಾರದು, ಅಧ್ಯಾಪಕರ ಎದುರಿಗೇ ಮಾಡುವುದು ಲೇಸು.) ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ಗುಲಾಬಿಯೂ ಮೂಡುತ್ತವೆ. ನೀಲಿಯಿದ್ದಲ್ಲಿ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುತ್ತಿದೆ, ಅದು ಧನಾಗ್ರ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು, ಅಲ್ಲಿ ನೀರನ್ನೂ ಆಮ್ಲಜನಕವನ್ನೂ ಕೂಡಿ ಕ್ಷಾರವನ್ನು ಉಂಟುಮಾಡುತ್ತವೆ. ಗುಲಾಬಿ ಬಣ್ಣ ಅದರ ಗುರುತು. ಅಂಚು ಋಣಾಗ್ರವಾದದ್ದೇಕೆ? ಅಲ್ಲಿ ಹನಿ ತೆಳುವು, ಗಾಳಿ ಸುಲಭವಾಗಿ ದೊರಕುತ್ತದೆ. ನೀಲಿ ಗುಲಾಬಿಗಳ ನಡುವೆ ಕಬ್ಬಿಣದ ಅಯಾನೂ ಕ್ಷಾರವೂ ಸಂಧಿಸುವ ಕಡೆ ಕಂದು ಬಳೆಯೊಂದು ಕಟ್ಟುತ್ತದೆ. ಅದೇ ತುಕ್ಕು.

ಈ ಹನಿಯಿಂದ ಒಂದು ವಿಚಿತ್ರ ಸತ್ಯ ಹೊರಬೀಳುತ್ತದೆ. ಲೋಹ ತಿಂದುಹೋಗುವುದು ಗಾಳಿ ಹೆಚ್ಚಾಗಿರುವ ಕಡೆಯಲ್ಲ, ಗಾಳಿಯ ಕೊರತೆಯಿರುವ ಕಡೆ. ಬೋಲ್ಟಿನ ತಲೆಯಡಿ, ಕಡ್ಡಿಯ ತುದಿ ತಿರುಪಿನೊಳಕ್ಕೆ ಹೋಗುವ ಸಂದಿನಲ್ಲಿ, ಅಂಟಿದ ಕೆಸರಿನ ಕೆಳಗೆ ಸವೆತ ಮೊದಲಾಗುವುದು ಇದರಿಂದಲೇ. ಉಪ್ಪು ಈ ಕ್ರಿಯೆಗೆ ಎರಡು ಬಗೆಯಲ್ಲಿ ನೆರವಾಗುತ್ತದೆ: ನೀರನ್ನು ಒಳ್ಳೆಯ ವಿದ್ಯುದ್ವಾಹಕವನ್ನಾಗಿ ಮಾಡುತ್ತದೆ, ಅದರ ಕ್ಲೋರೈಡ್ ಅಯಾನು ಲೋಹದ ಮೇಲಿನ ರಕ್ಷಕ ಆಕ್ಸೈಡ್ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ.

ಮೂರನೆಯದೊಂದುಂಟು, ಅದು ನಮ್ಮ ಅಡಿಗೆಮನೆಯಲ್ಲೇ ಕಾಣುವಂಥದು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ಗಾದೆ. ಉಪ್ಪು ತಾನೂ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಡುವುದನ್ನು ನೋಡದವರಾರು? ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ದಾಟಿತೆಂದರೆ ಸೋಡಿಯಂ ಕ್ಲೋರೈಡ್ ತೇವವನ್ನು ಹೀರಿ ದ್ರಾವಣವಾಗುತ್ತದೆ. ಬ್ರಿಟನ್ನಿನ ಚಳಿಗಾಲದ ಗಾಳಿ ಬಹುಮಟ್ಟಿಗೆ ಈ ಮಿತಿಯ ಮೇಲೆಯೇ ಇರುವುದರಿಂದ ಕೊಟ್ಟಿಗೆಯಲ್ಲಿ ನಿಂತ ಗಾಡಿ ಆರಿದಂತೆ ಕಂಡರೂ ಆರಿರುವುದಿಲ್ಲ. ಕೆಲವು ನಾಡುಗಳಲ್ಲಿ ಬಳಸುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಕೆಟ್ಟದ್ದು; ಶೇಕಡಾ 33ರ ಆರ್ದ್ರತೆಯೇ ಅದಕ್ಕೆ ಸಾಕು. ನಮ್ಮ ಕಾರವಾರ ಮಂಗಳೂರುಗಳ ಕಡಲಗಾಳಿ ಮಾಡುವ ಕೆಲಸವೂ ಇದೇ. ಅಲ್ಲಿ ಹಿಮವಿಲ್ಲ, ಉಪ್ಪಿದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳ ಮೆರುಗಿಗೆ ಒಳನಾಡಿನ ಒಣಗಾಳಿ ತೋರಿಸಿದ ದಯೆಯನ್ನು ಕರಾವಳಿಯ ಗಾಳಿ ತೋರಿಸಲಾರದು.

ಇನ್ನು ಮೆರುಗಿನ ವಿಚಾರ. ಅಂಗಡಿಯಲ್ಲಿ ಗಾಡಿಯ ಹೊಳಪನ್ನು ಕಂಡು ಮರುಳಾಗುವವರೇ ಹೆಚ್ಚು. ಹೊಳೆಯುವ ಕ್ರೋಮಿಯಂ ಲೇಪನದ ದಪ್ಪ ಸಾಮಾನ್ಯವಾಗಿ ಮೈಕ್ರಾನಿನ ಮೂರರಲ್ಲೊಂದು ಭಾಗದಷ್ಟು, ಅಂದರೆ ತಲೆಗೂದಲಿನ ಇನ್ನೂರರಲ್ಲೊಂದು ಪಾಲು. ನಿಜವಾದ ಕಾವಲು ಅದರ ಕೆಳಗಿನ ನಿಕ್ಕಲ್ ಪದರದ್ದು. ಅದು ಹತ್ತರಿಂದ ಮೂವತ್ತು ಮೈಕ್ರಾನ್ ಇರಬಹುದು. ಇದರಲ್ಲಿ ಎಷ್ಟು ಕಡಿಮೆ ಮಾಡಿದರೂ ಹೊರಗಿನ ಹೊಳಪು ಕುಂದುವುದಿಲ್ಲ! ಕೊಳ್ಳುವವನು ಮೋಸಹೋಗುವುದು ಇಲ್ಲಿಯೇ. ನಿಕ್ಕಲ್ ಕಬ್ಬಿಣಕ್ಕಿಂತ ಜಡವಾದ ಲೋಹ. ಆದುದರಿಂದ ಕಲ್ಲು ಸಿಡಿದು ಪದರದಲ್ಲಿ ಸೂಜಿಮೊನೆಯಷ್ಟು ತೂತಾದರೂ ಒಳಗಿನ ಉಕ್ಕೇ ಧನಾಗ್ರವಾಗಿ ಕರಗತೊಡಗುತ್ತದೆ. ಸುತ್ತಲಿನ ವಿಶಾಲವಾದ ಲೇಪನವೆಲ್ಲ ಋಣಾಗ್ರ. ಅಷ್ಟಗಲದ ವಿದ್ಯುತ್ತೆಲ್ಲ ಆ ಒಂದು ಚುಕ್ಕೆಯ ಮೇಲೆ ಹರಿಯುತ್ತದೆ. ಸತುವಿನ ಸ್ವಭಾವ ಇದಕ್ಕೆ ವಿರುದ್ಧ. ಅದು ಕಬ್ಬಿಣಕ್ಕಿಂತ ಚುರುಕು. ಗೀರು ಬಿದ್ದಲ್ಲಿ ತಾನೇ ಕರಗಿ ಉಕ್ಕನ್ನು ಕಾಯುತ್ತದೆ. ನೋಡಲು ಮಂಕಾದ ಸತುವಿನ ಬೋಲ್ಟು ಈ ದೃಷ್ಟಿಯಿಂದ ಹೊಳೆಯುವ ಕ್ರೋಮಿಯಂ ಬೋಲ್ಟಿಗಿಂತ ಪ್ರಾಮಾಣಿಕ.

ನಿಕ್ಕಲ್‌ನ ಈ ದೋಷಕ್ಕೆ ರಸಾಯನಜ್ಞರು ಕಂಡುಕೊಂಡ ಉಪಾಯ ಬಲು ಸ್ವಾರಸ್ಯವಾದುದು. ಕ್ರೋಮಿಯಂನಲ್ಲಿ ತೂತುಗಳನ್ನು ತಪ್ಪಿಸಲಾಗದಿದ್ದರೆ ಬೇಕೆಂದೇ ಹೆಚ್ಚು ತೂತು ಮಾಡುವುದು! ಚದರ ಸೆಂಟಿಮೀಟರಿಗೆ ಹತ್ತು ಸಾವಿರಕ್ಕೂ ಮಿಕ್ಕಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿದ್ದರೆ ಸವೆತದ ವಿದ್ಯುತ್ತು ಅವೆಲ್ಲಕ್ಕೂ ಹಂಚಿಹೋಗುತ್ತದೆ. ಯಾವೊಂದು ರಂಧ್ರವೂ ನಿಕ್ಕಲನ್ನು ಆಳವಾಗಿ ಕೊರೆಯಲಾರದು. ಇದರೊಡನೆ ನಿಕ್ಕಲನ್ನೂ ಎರಡು ಪದರಗಳಾಗಿ ಹಾಕುತ್ತಾರೆ. ಮೇಲಿನದರಲ್ಲಿ ಸ್ವಲ್ಪ ಗಂಧಕವಿದ್ದು ಅದು ಕೆಳಗಿನದಕ್ಕಿಂತ ಚುರುಕಾಗಿರುತ್ತದೆ. ಕೊರೆತ ಕೆಳಗಿಳಿಯದೆ ಅಡ್ಡಡ್ಡ ಹರಡುತ್ತದೆ, ಉಕ್ಕು ಉಳಿಯುತ್ತದೆ.

ಬಣ್ಣದ ಲೇಪನಕ್ಕೂ ಅದರದೇ ಕಷ್ಟವಿದೆ. ಪುಡಿಬಣ್ಣವನ್ನು ಬೇಯಿಸಿ ಕೂಡಿಸಿದ ಪದರ ದಪ್ಪವಾಗಿ ಗಟ್ಟಿಯಾಗಿರುತ್ತದೆ, ನಿಜ. ಒಂದು ಕಡೆ ಬಿರಿದರೆ ಉಪ್ಪುನೀರು ಅಡಿಗೆ ನುಸುಳುತ್ತದೆ; ಎವಾನ್ಸರ ಹನಿಯಂಚಿನಲ್ಲಿ ಗುಲಾಬಿಯಾಗಿ ಕಂಡ ಆ ಕ್ಷಾರವೇ ಇಲ್ಲಿ ಬಣ್ಣವನ್ನು ಲೋಹದಿಂದ ಬಿಡಿಸುತ್ತ ಮುನ್ನಡೆಯುತ್ತದೆ. ಬೆಸುಗೆಯ ಒಳಮೂಲೆಗಳಲ್ಲಿಯೂ ಚೂಪಾದ ಅಂಚುಗಳಲ್ಲಿಯೂ ಬಣ್ಣ ತೆಳುವಾಗಿ ಕೂಡುವುದರಿಂದ ಮೊದಲು ಸೋಲುವುದೂ ಅಲ್ಲಿಯೇ. ಗಾಡಿಯ ಮೆರುಗನ್ನು ಪರೀಕ್ಷಿಸಬೇಕೆನ್ನುವವನು ಟ್ಯಾಂಕನ್ನು ನೋಡುವುದಕ್ಕಿಂತ ಬಗ್ಗಿ ಚೌಕಟ್ಟಿನ ಅಡಿಯನ್ನು ನೋಡುವುದು ಒಳ್ಳೆಯದು.

ತಯಾರಕರು ಹೇಳುವ ಗಂಟೆಗಳ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಉಪ್ಪುನೀರನ್ನು 35 ಡಿಗ್ರಿ ಉಷ್ಣತೆಯಲ್ಲಿ ಮಂಜಿನಂತೆ ಸಿಂಪಡಿಸುವ ಪೆಟ್ಟಿಗೆಯ ಪರೀಕ್ಷೆಯೊಂದನ್ನು ಅಮೆರಿಕದಲ್ಲಿ 1939ರಲ್ಲಿ ಮಾನಕವಾಗಿ ಗೊತ್ತುಪಡಿಸಿದರು. ಅದು ಈಗಲೂ ಬಳಕೆಯಲ್ಲಿದೆ. ಪೆಟ್ಟಿಗೆಯಲ್ಲಿ ಎಡೆಬಿಡದೆ ಒದ್ದೆ. ರಸ್ತೆಯಲ್ಲಾದರೋ ಒದ್ದೆ, ಒಣಗುವಿಕೆ, ಮತ್ತೆ ಒದ್ದೆ. ಸತುವಿನ ಮೇಲೆ ಗಾಳಿಯಲ್ಲಿ ಕಟ್ಟುವ ರಕ್ಷಕ ಕಾರ್ಬೊನೇಟ್ ಪೊರೆಗೆ ಪೆಟ್ಟಿಗೆಯಲ್ಲಿ ಅವಕಾಶವೇ ದೊರೆಯದು. ಒಂದೇ ಬಗೆಯ ಲೇಪನದ ಎರಡು ಮಾದರಿಗಳನ್ನು ಹೋಲಿಸಲು ಆ ಪರೀಕ್ಷೆ ಯೋಗ್ಯ. ಗಾಡಿ ಎಷ್ಟು ಚಳಿಗಾಲ ಬಾಳೀತೆಂದು ಹೇಳಲು ಅಲ್ಲ.

ತೊಳೆಯುವ ಬಗ್ಗೆ ಸವಾರರಲ್ಲಿ ಒಂದು ವಾದವಿದೆ: ಬಿಸಿನೀರು ಬೇಡ, ತಣ್ಣೀರೇ ಆಗಬೇಕು ಎಂದು. ನೂರು ಗ್ರಾಂ ನೀರಿನಲ್ಲಿ ಸೊನ್ನೆ ಡಿಗ್ರಿಯಲ್ಲಿ ಸುಮಾರು 36 ಗ್ರಾಂ, ಕುದಿಯುವಾಗ 39 ಗ್ರಾಂ ಉಪ್ಪು ಕರಗುತ್ತದೆ, ವ್ಯತ್ಯಾಸ ಅಲ್ಪ. ತಣ್ಣೀರು ಧಾರಾಳವಾಗಿ ಸಾಕು. ಬಿಸಿನೀರಿನಿಂದ ಕ್ಷಣಕಾಲ ಕ್ರಿಯೆ ಚುರುಕಾದರೂ ಉಪ್ಪೆಲ್ಲ ಹರಿದುಹೋದರೆ ಹಾನಿಯಿಲ್ಲ. ಸಂದುಗೊಂದುಗಳನ್ನು ನೀರು ಮುಟ್ಟಿತೇ ಎಂಬುದೇ ಮುಖ್ಯ. ತೊಳೆಯದ ಗಾಡಿಯನ್ನು ಬೆಚ್ಚನೆಯ ಕೊಠಡಿಯಲ್ಲಿ ನಿಲ್ಲಿಸುವುದು ಮಾತ್ರ ತಪ್ಪು; ಉಷ್ಣತೆ ಏರಿದಂತೆ ಕ್ರಿಯೆಯ ವೇಗವೂ ಏರುತ್ತದೆ. ತೊಳೆದು ಆರಿಸಿ ಎಣ್ಣೆಯ ಅಥವಾ ಮೇಣದ ತೆಳುಪೊರೆ ಬಳಿದಿಟ್ಟರೆ ನೀರಿಗೂ ಲೋಹಕ್ಕೂ ಸಂಪರ್ಕ ತಪ್ಪುತ್ತದೆ. ಆದರೆ ಬ್ರೇಕಿನ ತಟ್ಟೆಗೂ ಟೈರಿಗೂ ಅದು ತಗಲಕೂಡದು.

ಬ್ರೇಕಿನ ಮಾತು ಬಂದುದರಿಂದ ಹೇಳಬೇಕಾದುದೊಂದಿದೆ. ಇಲ್ಲಿ ಕೆಡುವುದು ಬರಿಯ ಅಂದವಲ್ಲ. ಬ್ರೇಕಿನ ಹಿಡಿಕೆಯ ಒಡಲು ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದರೊಳಗೆ ಪಿಸ್ಟನ್ನನ್ನು ಸುತ್ತಿದ ರಬ್ಬರ್ ಬಳೆ ಕೂಡಲು ಒಂದು ಕಾಲುವೆಯನ್ನು ಕೊರೆದಿರುತ್ತಾರೆ. ಉಪ್ಪುನೀರು ಬಳೆಯ ಹಿಂದಕ್ಕೆ ಸೇರಿತೆಂದರೆ ಅಲ್ಲಿ ಬಿಳಿಯ ಬೂಷ್ಟಿನಂತಹ ಅಲ್ಯೂಮಿನಿಯಂ ಸಂಯುಕ್ತ ಬೆಳೆಯುತ್ತದೆ. ಕರಗಿದ ಲೋಹಕ್ಕಿಂತ ಅದರ ಗಾತ್ರ ಹೆಚ್ಚು. ಅದು ಬಳೆಯನ್ನು ಹಿಂದಿನಿಂದ ಒತ್ತಿ ಪಿಸ್ಟನ್ನನ್ನು ಬಿಗಿಹಿಡಿಯುತ್ತದೆ. ಸವಾರ ಕೈ ಬಿಟ್ಟರೂ ಬ್ರೇಕು ಬಿಡದು. ಬೇಕೆಂದಾಗ ಪೂರ್ತಿ ಹಿಡಿಯದು. ಚಳಿಗಾಲ ಕಳೆದ ಮೇಲೆ ಚಕ್ರವನ್ನು ನೆಲದಿಂದೆತ್ತಿ ಕೈಯಿಂದ ತಿರುಗಿಸಿ ನೋಡಬೇಕು. ಬ್ರೇಕನ್ನು ಒಮ್ಮೆ ಒತ್ತಿ ಬಿಟ್ಟೊಡನೆ ಅದು ಮೊದಲಿನಂತೆ ಸಲೀಸಾಗಿ ತಿರುಗದಿದ್ದರೆ ಹಿಡಿಕೆಯನ್ನು ಬಿಚ್ಚಿ ಆ ಕಾಲುವೆಯನ್ನು ಕೆರೆದು ಶುದ್ಧಮಾಡಿ ಹೊಸ ಬಳೆ ಹಾಕಿಸುವವರೆಗೆ ಗಾಡಿಯನ್ನು ಹೊರಗೆ ತೆಗೆಯಬಾರದು.